ಸಂಘರ್ಷ ಸಿದ್ಧಾಂತ: ಜಗಳ ಆಗಬೇಕಿದ್ದ ಕಡೆ ಆಗದಿದ್ದರೆ?

ಪಾವಗಡದ ಹುಡುಗಿ

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಸಮಾಜಶಾಸ್ತ್ರ ಎಂಎ ಓದುತ್ತಿದ್ದೇನೆ. ಸಂಘರ್ಷ ಸಿದ್ಧಾಂತದ ಗುಣ ದೋಷಗಳ ಮೇಲೆ ಸೆಮಿನಾರ್ ಕೊಡಬೇಕು. ನೋಟ್ಸ್‌ನಲ್ಲಿರುವುದು ಬಾಯಿಪಾಠ ಆಗಿದೆ. ಭೂಮಿ, ಹಣ, ಅಧಿಕಾರ ಎಲ್ಲರಿಗೂ ಸಾಲುವಷ್ಟು ಇರುವುದಿಲ್ಲ. ಇದ್ದವರು ಉಳಿಸಿಕೊಳ್ಳಲು ನೋಡುತ್ತಾರೆ, ಇಲ್ಲದವರು ಪಡೆಯಲು ನೋಡುತ್ತಾರೆ, ಈ ಎಳೆದಾಟದಿಂದಲೇ ಸಮಾಜ ಬದಲಾಗುತ್ತದೆ. ಗುಣ ಏನು? ಅಸಮಾನತೆ ಎಲ್ಲಿಂದ ಬಂತು ಅಂತ ಹೇಳುತ್ತದೆ. ದೋಷ ಏನು? ಒಗ್ಗಟ್ಟು ಇದರ ಕಣ್ಣಿಗೆ ಬೀಳುವುದಿಲ್ಲ. ಇಷ್ಟು ಬರೆದರೆ ಅಂಕ ಬರುತ್ತದೆ. ಆದರೆ ನನ್ನ ತಲೆಯಲ್ಲಿರುವ ಪ್ರಶ್ನೆ ಬೇರೆ.

ನಮ್ಮ ತಾಲ್ಲೂಕಿನ ಸೋಲಾರ್ ಪಾರ್ಕ್ ಗೊತ್ತಲ್ವಾ? 2,050 ಮೆಗಾವ್ಯಾಟ್, ಸುಮಾರು 13,000 ಎಕರೆ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಕಡೆಯ ಜಮೀನು. ಸರ್ಕಾರ ಭೂಮಿಯನ್ನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡಿತು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಮಳೆ ನಂಬಿ ಕಡ್ಲೆಕಾಯಿ ಬಿತ್ತಿ ಸಾಲದಲ್ಲಿ ಬಿದ್ದಿದ್ದ ರೈತರಿಗೆ ಇದು ಕಮ್ಮಿ ದುಡ್ಡಲ್ಲ. ಪಹಣಿಯಲ್ಲಿ ಹೆಸರೇ ಇಲ್ಲದವರಿಗೆ? ಕಳೆ ಕೀಳುವ, ಕಾಯಿ ಬಿಡಿಸುವ ಕೂಲಿ ಹೋಯಿತು. ಕುರಿ ಮೇಯುತ್ತಿದ್ದ ಬೀಳು ನೆಲಕ್ಕೆ ಬೇಲಿ ಬಿತ್ತು. ಪ್ಯಾನೆಲ್ ತೊಳೆಯುವ ಕೆಲಸ, ಹುಲ್ಲು ಕೊಯ್ಯುವ ಕೆಲಸ, ಕಾವಲು ಕೆಲಸ ಕೆಲವರಿಗೆ ಸಿಕ್ಕಿತು. ಎಲ್ಲರಿಗೂ ಅಲ್ಲ.

ಸಿದ್ಧಾಂತದ ಪ್ರಕಾರ ಇಲ್ಲಿ ಭೂಮಿ ಇದ್ದವರಿಗೂ ಇಲ್ಲದವರಿಗೂ ತಿಕ್ಕಾಟ ಆಗಬೇಕಿತ್ತು. ನಾನು ಕಂಡಂತೆ ಕೂಲಿಯವರು ಜಮೀನುದಾರರ ಮೇಲೆ ತಿರುಗಿ ಬೀಳಲಿಲ್ಲ. ಕೆಲವರು ಬೆಂಗಳೂರು ಬಸ್ ಹತ್ತಿದರು, ಉಳಿದವರು ಸುಮ್ಮನಾದರು. ಹಾಗಾದರೆ ಸಿದ್ಧಾಂತ ಇಲ್ಲಿ ಸೋತಿತಾ?

ಕ್ಯಾತ್ಸಂದ್ರ ಮೇಷ್ಟ್ರು

ಒಳ್ಳೆ ಪ್ರಶ್ನೆ ಕೇಳಿದೆ ಮಗಳೇ. ನನ್ನ ಉತ್ತರ: ಹೌದು, ಸೋತಿತು. ಎಲ್ಲೆಡೆ ಅಲ್ಲ, ಇಲ್ಲಿ.

ಸಮಾಜ ದಿನಾ ಬೆಳಗ್ಗೆ ಎದ್ದು ಜಗಳ ಆಡುವುದಿಲ್ಲ. ಜನ ಒಬ್ಬರ ಮೇಲೊಬ್ಬರು ನಂಬಿಕೆ ಇಟ್ಟು ಬದುಕುತ್ತಾರೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಡರ್ಕೈಮ್ ಹೇಳಿದ್ದು ಇದನ್ನೇ. ಅಮೆರಿಕದ ಪಾರ್ಸನ್ಸ್ ಇದನ್ನು ಅತಿಗೆ ಒಯ್ದರು, ಎಲ್ಲ ವ್ಯವಸ್ಥೆಯೂ ಯಾವುದೋ ಒಳ್ಳೆಯದಕ್ಕೇ ಇದೆ ಅನ್ನುವ ಹಾಗೆ ಬರೆದರು, ಅದಕ್ಕೆ 1950ರ ದಶಕದಲ್ಲಿ ಮಿಲ್ಸ್, ಡಾರೆನ್‌ಡಾರ್ಫ್, ಕೋಸರ್ ಮುಂತಾದ ಸಂಘರ್ಷ ಸಿದ್ಧಾಂತಿಗಳು ತಿರುಗಿ ನಿಂತರು. ಅವರು ನಿಂತಿದ್ದು ಸರಿಯೇ. ಆದರೆ ನಮ್ಮ ಸಿದ್ಧಗಂಗಾ ಮಠವನ್ನು ನೋಡು. ಸುಮಾರು ಹತ್ತು ಸಾವಿರ ಮಕ್ಕಳಿಗೆ ಊಟ, ವಸತಿ, ಓದು, ಎಲ್ಲ ಉಚಿತ. ಎಲ್ಲ ಜಾತಿಯ ಮಕ್ಕಳು ಸಾಲಾಗಿ ಕೂತು ಉಣ್ಣುತ್ತಾರೆ. ಸುಗ್ಗಿ ಮುಗಿದ ಮೇಲೆ ರೈತರು ರಾಗಿ, ಭತ್ತ, ತೆಂಗಿನಕಾಯಿ ತಂದು ದಾಸೋಹಕ್ಕೆ ಹಾಕುತ್ತಾರೆ. ಯಾರ ಬಲವಂತವೂ ಇಲ್ಲ. 2019ರಲ್ಲಿ ಶಿವಕುಮಾರ ಸ್ವಾಮಿಗಳು ಲಿಂಗೈಕ್ಯರಾದಾಗ ಈ ಊರಿಗೆ ಬಂದ ಜನಸಾಗರ ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಯಾರ ಲಾಭ, ಯಾರ ನಷ್ಟ ಅನ್ನುವ ಲೆಕ್ಕದಲ್ಲಿ ಈ ಕೊಡುವಿಕೆಯನ್ನು ಹೇಗೆ ಕೂಡಿಸುತ್ತೀರಿ? ಸಂಘರ್ಷ ಸಿದ್ಧಾಂತ ಇಲ್ಲಿ ಪೂರಾ ಮೂಕ.

ಚಿಂತಾಮಣಿ ಕಡೆಯವನು

ಮೇಷ್ಟ್ರೇ, ಮಠದ ಬಗ್ಗೆ ನನಗೂ ಗೌರವವಿದೆ. ನಮ್ಮ ನೆಂಟರ ಮಕ್ಕಳು ಅಲ್ಲಿ ಓದಿದ್ದಾರೆ. ಆದರೆ ಸುಮ್ಮನಿರುವುದನ್ನು ಒಪ್ಪಿಗೆ ಅಂತ ಓದಬೇಡಿ. ನಮ್ಮ ತಾಲ್ಲೂಕಿನ ಒಂದು ವಿಷಯ ಹೇಳುತ್ತೇನೆ.

ಕಂಬಾಲಪಲ್ಲಿ. 2000ದ ಮಾರ್ಚ್ 11. ಏಳು ಜನ ದಲಿತರನ್ನು ಸುಟ್ಟು ಕೊಂದರು. ಆಗ ನಾವು ಕೋಲಾರ ಜಿಲ್ಲೆಯಲ್ಲೇ ಇದ್ದೆವು, ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದು 2007ರಲ್ಲಿ. ಕೇಸು ನಡೆಯಿತು. ಸಾಕ್ಷಿಗಳು ಒಬ್ಬೊಬ್ಬರಾಗಿ ಹೇಳಿಕೆ ಬದಲಿಸಿದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟ್ ಕೂಡ ಆ ತೀರ್ಪನ್ನೇ ಎತ್ತಿ ಹಿಡಿಯಿತು. ಆ ಕೋರ್ಟಿನ ಹಾಲ್‌ನಲ್ಲಿ ಕೂತು ನೋಡಿದವರಿಗೆ ಜಗಳವೇ ಕಾಣುತ್ತಿರಲಿಲ್ಲ. "ನಾನು ಏನೂ ನೋಡಿಲ್ಲ" ಅನ್ನುವ ಮಾತು ಮಾತ್ರ. ಇದಕ್ಕೆ ಒಗ್ಗಟ್ಟು ಅನ್ನುತ್ತೀರಾ? ಅದೇ ಊರಲ್ಲಿ ಬದುಕಬೇಕು, ಅವರದೇ ಹೊಲದಲ್ಲಿ ಕೂಲಿ ಮಾಡಬೇಕು. ಬಾಯಿ ಬಿಟ್ಟರೆ ನಾಳೆ ಏನು ಅನ್ನುವ ಭಯ. ಸಂಘರ್ಷ ಸಿದ್ಧಾಂತದ ಅತಿ ದೊಡ್ಡ ಗುಣವೇ ಇದು. ಮೇಲೆ ತಣ್ಣಗಿರುವ ಊರಿನ ಕೆಳಗೆ ಏನಿದೆ ಅಂತ ಅಗೆದು ನೋಡಲು ಹೇಳುತ್ತದೆ.

ಅದರ ದೋಷವನ್ನೂ ಹೇಳಿಬಿಡುತ್ತೇನೆ. ಮಾರ್ಕ್ಸ್ ಓದಿ ನಮ್ಮ ಊರಿಗೆ ಬಂದವರು ಇಲ್ಲಿ ಇಬ್ಬರನ್ನು ಹುಡುಕುತ್ತಾರೆ. ಭೂಮಾಲೀಕ, ಕೂಲಿಕಾರ. ಇಲ್ಲಿ ಇಬ್ಬರಲ್ಲ, ಮೆಟ್ಟಿಲು ಮೆಟ್ಟಿಲಾಗಿ ಹತ್ತಾರು ಜನ ಇದ್ದಾರೆ. ಅಂಬೇಡ್ಕರ್ 1936ರಲ್ಲೇ ಬರೆದರು, ಜಾತಿ ಅನ್ನುವುದು ಬರೀ ಕೆಲಸದ ಹಂಚಿಕೆ ಅಲ್ಲ, ಕೆಲಸಗಾರರನ್ನೇ ಒಡೆದು ಹಂಚುವುದು ಅಂತ. ಅವರ ಶ್ರೇಣೀಕೃತ ಅಸಮಾನತೆ ಅನ್ನುವ ಮಾತಿನಲ್ಲಿ ಪಾವಗಡದ ತಂಗಿಯ ಪ್ರಶ್ನೆಗೆ ಅರ್ಧ ಉತ್ತರ ಇದೆ. ಪ್ರತಿಯೊಬ್ಬನಿಗೂ ಮೇಲಿನವನ ಮೇಲೆ ಸಿಟ್ಟು ಇದೆ, ಕೆಳಗಿನವನಿಗಿಂತ ತಾನು ಮೇಲು ಅನ್ನುವ ಸಮಾಧಾನವೂ ಇದೆ. ಕೂಲಿ ಕಳೆದುಕೊಂಡವರಲ್ಲಿ ಕುರುಬರು, ನಾಯಕರು, ಮಾದಿಗರು, ಹೊಲೆಯರು ಎಲ್ಲ ಇದ್ದರೆ ಅವರೆಲ್ಲ ಒಂದೇ ಚಪ್ಪರದ ಕೆಳಗೆ ಯಾವಾಗ ಕೂತರು ಹೇಳಿ?

ಮಾರಿಕುಪ್ಪಂ ಲೈನ್ಸ್

ನಾನು ಕೆಜಿಎಫ್‌ನವನು. ನಮ್ಮ ತಾತ, ಅಪ್ಪ ಇಬ್ಬರೂ ಅಲ್ಲಿನ ಚಿನ್ನದ ಗಣಿಯಲ್ಲಿದ್ದರು. ಜಗಳ ಆದ ಕಡೆಯ ಕಥೆ ಹೇಳುತ್ತೇನೆ, ಆಗ ಆಗದ ಕಡೆಯದೂ ಅರ್ಥವಾಗಬಹುದು.

1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಕೆಲಸಕ್ಕೆ ಜಾಸ್ತಿ ಬಂದವರು ತಮಿಳು ಕಡೆಯ ಜನ, ಅದರಲ್ಲೂ ದಲಿತರು. ಎಲ್ಲರನ್ನೂ ಲೈನ್ ಮನೆಗಳಲ್ಲಿ ಅಕ್ಕಪಕ್ಕ ಇಟ್ಟರು. ಒಂದೇ ಸೈರನ್, ಒಂದೇ ಶಾಫ್ಟ್, ಒಂದೇ ಕಾಯಿಲೆ. 1930ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆಯಲು ಹೊರಟಾಗ ಇಡೀ ಗಣಿ ನಿಂತುಹೋಯಿತು. ಆಗ ಹೇಳಿಕೊಳ್ಳುವಂಥ ಸಂಘ ಕೂಡ ಇರಲಿಲ್ಲ. ಮಾರ್ಕ್ಸ್ ಹೇಳಿದ ಮಾತು ಇಲ್ಲಿ ಅಕ್ಷರಶಃ ನಿಜವಾಯಿತು. ಬಂಡವಾಳ ತನ್ನ ಲಾಭಕ್ಕೆ ಕಾರ್ಮಿಕರನ್ನು ಒಂದೆಡೆ ಕೂಡಿಹಾಕುತ್ತದೆ, ಹಾಗೆ ಕೂಡಿದವರೇ ಅದಕ್ಕೆ ಎದುರು ನಿಲ್ಲುತ್ತಾರೆ. ಅದೇ ಮಾರ್ಕ್ಸ್ 1852ರಲ್ಲಿ ಫ್ರಾನ್ಸಿನ ಸಣ್ಣ ರೈತರ ಬಗ್ಗೆ ಬರೆಯುವಾಗ ಅವರನ್ನು ಮೂಟೆಯೊಳಗಿನ ಆಲೂಗಡ್ಡೆಗೆ ಹೋಲಿಸಿದರು. ಒಂದೇ ಮೂಟೆಯಲ್ಲಿದ್ದರೂ ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ಪಾವಗಡದ ಕೂಲಿಯವರು ಹಾಗೇ ಅಲ್ವಾ? ಐದು ಊರು, ಬೇರೆ ಬೇರೆ ಜಾತಿ, ಬೇರೆ ಬೇರೆ ಜಮೀನುದಾರರು. ಸೇರುವ ಜಾಗವೇ ಇಲ್ಲ.

ಆದರೆ ಮಾರ್ಕ್ಸ್ ಎಡವಿದ್ದೂ ನಮ್ಮಲ್ಲೇ ಕಾಣುತ್ತದೆ. 1956ರಲ್ಲಿ ಗಣಿ ಸರ್ಕಾರದ ಕೈಗೆ ಬಂತು. ಖಾಸಗಿ ಮಾಲೀಕ ಹೋದ. ಜಗಳ ನಿಲ್ಲಬೇಕಿತ್ತು. ನಿಂತಿತಾ? 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿದರು. ಬಾಕಿ ಹಣಕ್ಕೆ, ಮನೆ ಹಕ್ಕಿಗೆ ನಮ್ಮವರು ಆಮೇಲೂ ಅಲೆದರು, ಯಾವ ಬಂಡವಾಳಗಾರನ ಮುಂದೆಯೂ ಅಲ್ಲ, ಸರ್ಕಾರದ ಮುಂದೆಯೇ. 1959ರಲ್ಲಿ ಡಾರೆನ್‌ಡಾರ್ಫ್ ಬರೆದಿದ್ದು ಇದೇ ವಿಷಯ. ಜಗಳದ ಬೇರು ಆಸ್ತಿಯಲ್ಲಿ ಮಾತ್ರ ಇಲ್ಲ, ಅಧಿಕಾರದಲ್ಲಿದೆ. ಆಜ್ಞೆ ಕೊಡುವವರು, ಆಜ್ಞೆ ಪಾಲಿಸುವವರು ಎಲ್ಲಿದ್ದಾರೋ ಅಲ್ಲೆಲ್ಲ ಅದು ಇರುತ್ತದೆ. ಮಾಲೀಕ ಬದಲಾದರೂ ಫೋರ್‌ಮನ್ ಬದಲಾಗಲಿಲ್ಲ, ಅಷ್ಟೇ.

ತಂಗಿ, ನಿನ್ನ ಪ್ರಶ್ನೆಗೆ ಡಾರೆನ್‌ಡಾರ್ಫ್ ಹತ್ತಿರ ನೇರ ಉತ್ತರ ಇದೆ. ಒಂದೇ ಹಿತ ಇರುವ ಜನ ತಾನಾಗಿ ಗುಂಪಾಗುವುದಿಲ್ಲ ಅನ್ನುತ್ತಾರೆ ಅವರು. ಅವರ ಹಿತ ಒಳಗೇ ಹುದುಗಿರುತ್ತದೆ. ಅದು ಹೊರಗೆ ಬರಬೇಕಾದರೆ ನಾಯಕರು ಬೇಕು, ಹೇಳಿಕೊಳ್ಳಲು ಒಂದು ವಿಚಾರ ಬೇಕು, ಸಂಘ ಕಟ್ಟುವ ಸ್ವಾತಂತ್ರ್ಯ ಬೇಕು, ಒಬ್ಬರಿಗೊಬ್ಬರು ಮಾತಾಡುವ ದಾರಿ ಬೇಕು. ಇವುಗಳಲ್ಲಿ ಪಾವಗಡದಲ್ಲಿ ಏನಿತ್ತು, ಏನಿರಲಿಲ್ಲ ಅಂತ ಹುಡುಕು.

ಶಿಫ್ಟ್ ಮುಗಿಸಿ ಬಂದವನು, ಮಾಲೂರು

ಕೋಲಾರದ ಹತ್ತಿರದ ನರಸಾಪುರದ ವಿಷಯ ಯಾರೂ ಹೇಳಲಿಲ್ಲ. 2020ರ ಡಿಸೆಂಬರ್ 12ರ ಬೆಳಗ್ಗೆ ಐಫೋನ್ ಜೋಡಿಸುವ ಕಾರ್ಖಾನೆಯಲ್ಲಿ ಗಾಜು, ಕಾರು ಎಲ್ಲ ಪುಡಿ ಮಾಡಿದರಲ್ಲ. ಅಲ್ಲಿದ್ದವರಲ್ಲಿ ಬಹಳ ಜನ ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದ ಹುಡುಗ ಹುಡುಗಿಯರು. ಸಂಬಳ ಸರಿಯಾಗಿ ಬಂದಿಲ್ಲ, ಓಟಿ ಲೆಕ್ಕ ತಪ್ಪಿದೆ ಅಂತ ದೂರು. ಕೆಲವರಿಗೆ ಸಂಬಳ ತಡವಾಗಿದ್ದು ಆಮೇಲೆ ಫೋನ್ ಕಂಪನಿಯ ತನಿಖೆಯಲ್ಲೂ ಗೊತ್ತಾಯಿತು. ಡಾರೆನ್‌ಡಾರ್ಫ್ ಹೇಳಿದ್ದರಲ್ಲಿ ನನಗೆ ಸರಿ ಅನ್ನಿಸುವುದು ಇನ್ನೊಂದು ಮಾತು. ಜಗಳಕ್ಕೆ ನಿಯಮದ ದಾರಿ ಇದ್ದರೆ ಹಿಂಸೆ ಕಮ್ಮಿ ಆಗುತ್ತದೆ. ಸಂಘ ಇಲ್ಲ, ಮಾತುಕತೆ ಇಲ್ಲ, ಕೇಳಿದರೆ ಏಜೆನ್ಸಿಯವನು ಕಂಪನಿ ಕಡೆ ಕೈ ತೋರಿಸುತ್ತಾನೆ, ಕಂಪನಿಯವನು ಏಜೆನ್ಸಿ ಕಡೆ ಕೈ ತೋರಿಸುತ್ತಾನೆ. ಇನ್ನೇನು ಆಗುತ್ತದೆ? ಒಡೆದಿದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಯಾಕೆ ಒಡೆಯಿತು ಅಂತ ಕೇಳಿದರೆ ಈ ಸಿದ್ಧಾಂತ ಬಿಟ್ಟು ಬೇರೆ ಯಾವುದೂ ಸರಿಯಾಗಿ ಉತ್ತರ ಕೊಡುವುದಿಲ್ಲ.

ಮಾರಿಕುಪ್ಪಂ ಲೈನ್ಸ್

ತಮ್ಮಾ, ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ನಮ್ಮಲ್ಲಿ ಸಂಘ ಇದ್ದಾಗಲೂ 1946ರ ನವೆಂಬರ್ 4ರಂದು ಗೋಲಿಬಾರ್ ಆಯಿತು, ಆರು ಜನ ಕಾರ್ಮಿಕರು ಸತ್ತರು. ನಿಯಮ ಇದ್ದರೆ ಸಾಲದು. ಎದುರಿನವರೂ ಆ ನಿಯಮವನ್ನು ಒಪ್ಪಬೇಕು, ನಿಮಗೆ ಕೇಳುವ ಹಕ್ಕಿದೆ ಅಂತ ಅವರಿಗೆ ಅನ್ನಿಸಬೇಕು. ಹಿಂಸೆ ಅಂದ ತಕ್ಷಣ ಕೆಳಗಿನವರ ಕಡೆಯೇ ನೋಡುವುದು ನನಗೆ ಹಿಡಿಸುವುದಿಲ್ಲ.

ಗೂಡಿನ ಮನೆ, ಶಿಡ್ಲಘಟ್ಟ

ನಾನು ರೀಲರ್, ಅಂದರೆ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವವರ ಮನೆಯ ಮಗಳು. ಇಲ್ಲಿ ಎಲ್ಲರೂ ಜಗಳ ಅಂದರೆ ಒಡೆಯುವುದು, ಒಗ್ಗಟ್ಟು ಅಂದರೆ ಜಗಳ ಇಲ್ಲದಿರುವುದು ಅಂತ ಹಿಡಿದುಕೊಂಡಿದ್ದೀರಿ. ನಮ್ಮ ಗೂಡಿನ ಮಾರುಕಟ್ಟೆಗೆ ಬಂದು ಒಂದು ಬೆಳಗ್ಗೆ ನಿಂತರೆ ಎರಡೂ ಒಟ್ಟಿಗೆ ಕಾಣುತ್ತವೆ.

ರೈತನಿಗೆ ಕೆಜಿಗೆ ಜಾಸ್ತಿ ರೇಟು ಬೇಕು. ರೀಲರ್‌ಗೆ ಕಮ್ಮಿ ರೇಟು ಬೇಕು. ಗೂಡು ಹಸಿ ಇದೆ, ನೂಲು ಸರಿಯಾಗಿ ಬಿಚ್ಚುವುದಿಲ್ಲ ಅಂತ ಇವರು, ಹೋದ ಲಾಟ್‌ಗೆ ಹೀಗೇ ಹೇಳಿ ಮೋಸ ಮಾಡಿದಿರಿ ಅಂತ ಅವರು. ಹಿಪ್ಪುನೇರಳೆ ಬೆಳೆಯುವವರಲ್ಲಿ ಒಕ್ಕಲಿಗರು ಜಾಸ್ತಿ, ನೂಲು ಬಿಚ್ಚುವವರಲ್ಲಿ ಮುಸ್ಲಿಮರು ಜಾಸ್ತಿ. ಹಿತದ ಗೆರೆ, ಧರ್ಮದ ಗೆರೆ ಎರಡೂ ಒಂದರ ಮೇಲೊಂದು ಬಿದ್ದಿವೆ. ಪುಸ್ತಕದ ಪ್ರಕಾರ ಇಲ್ಲಿ ದಿನಾ ಹೊತ್ತಿ ಉರಿಯಬೇಕು. ಆದರೆ 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿ ಚೀನಾ ರೇಷ್ಮೆಗೆ ದಾರಿ ಸುಲಭವಾಗಿ ಗೂಡಿನ ರೇಟು ಬಿದ್ದಾಗ, ಪೆಟ್ಟು ಎರಡೂ ಕಡೆಗೆ ಬಿತ್ತು. ಹರಾಜಿನಲ್ಲಿ ಎದುರಾಳಿಗಳಾಗಿದ್ದವರು ಒಂದೇ ಮಾತು ಆಡಿದರು.

ಜರ್ಮನಿಯ ಸಮಾಜಶಾಸ್ತ್ರಜ್ಞ ಸಿಮ್ಮೆಲ್ ಹೇಳಿದ್ದನ್ನು ಹಿಡಿದು 1956ರಲ್ಲಿ ಕೋಸರ್ ಬರೆದಿದ್ದು ಇದರ ಬಗ್ಗೆಯೇ. ಜಗಳವೂ ಒಂದು ಸಂಬಂಧ. ಸಣ್ಣ ಸಣ್ಣ ಜಗಳಗಳು ಬೇರೆ ಬೇರೆ ದಿಕ್ಕಿನಲ್ಲಿ ಹಾದುಹೋದರೆ ಸಮಾಜ ನಟ್ಟನಡುವೆ ಸೀಳುವುದಿಲ್ಲ. ಜಗಳ ಆಡಿ ಆಡಿಯೇ ತೂಕ, ಹರಾಜು, ಹಣ ಪಾವತಿಗೆ ನಿಯಮಗಳು ಬರುತ್ತವೆ. ಹಾಗಾಗಿ ಸಂಘರ್ಷ ಸಿದ್ಧಾಂತಕ್ಕೆ ಒಗ್ಗಟ್ಟು ಕಾಣುವುದೇ ಇಲ್ಲ ಅನ್ನುವ ನೋಟ್ಸ್‌ನ ಸಾಲನ್ನು ದಯವಿಟ್ಟು ಸೆಮಿನಾರ್‌ನಲ್ಲಿ ಹಾಗೇ ಓದಬೇಡಿ. ಅದು ಮಾರ್ಕ್ಸ್‌ಗೆ ಸ್ವಲ್ಪ ಅನ್ವಯಿಸಬಹುದು, ಕೋಸರ್‌ಗೆ ಅಲ್ಲ.

ಇನ್ನೊಂದು ತೊಡಕು. ಮನೆಯಲ್ಲೇ ಬೇಸಿನ್ (ಗೂಡನ್ನು ಬಿಸಿನೀರಿನಲ್ಲಿಟ್ಟು ನೂಲು ಬಿಚ್ಚುವ ತೊಟ್ಟಿ) ಇಟ್ಟುಕೊಂಡ ಸಣ್ಣ ರೀಲರ್ ಯಾವ ವರ್ಗ? ಬೇಸಿನ್ ಅವನದೇ, ಹಾಗಾಗಿ ಮಾಲೀಕ. ಬಿಸಿನೀರಿನಲ್ಲಿ ಕೈ ಅದ್ದಿ ದಿನವಿಡೀ ದುಡಿಯುವವರು ಅವನು, ಅವನ ಹೆಂಡತಿ, ಇಬ್ಬರು ಕೂಲಿಯವರು. ಹಾಗಾಗಿ ಕಾರ್ಮಿಕ. ಸಾಲ ಕೊಟ್ಟ ನೂಲಿನ ವ್ಯಾಪಾರಿ ಮುಂದೆ ಅವನೂ ಕೈ ಕಟ್ಟಿ ನಿಲ್ಲಬೇಕು. ಎರಡು ವರ್ಗದ ಚೌಕಟ್ಟಿಗೆ ಇಂಥವರು ಸಿಗುವುದೇ ಇಲ್ಲ, ನಮ್ಮ ಜಿಲ್ಲೆಗಳಲ್ಲಿ ಇಂಥವರೇ ಜಾಸ್ತಿ.

ಡೇರಿ ಅಕ್ಕ, ಬಂಗಾರಪೇಟೆ

ಮನೆ ಒಳಗಿನದನ್ನೂ ಸೇರಿಸಿಕೊಳ್ಳಿ. ನಮ್ಮೂರ ಹಾಲಿನ ಡೇರಿಗೆ ಹಾಲು ಕರೆದು ತರುವವರು ಹೆಂಗಸರು. ಮೇವು ಕೊಯ್ಯುವುದು, ಸಗಣಿ ಬಾಚುವುದು, ಬೆಳಗಿನ ಜಾವ ಎದ್ದು ಕರೆಯುವುದು ಅವರೇ. ಎಷ್ಟೋ ಮನೆಗಳಲ್ಲಿ ಪಾಸ್‌ಬುಕ್, ಸದಸ್ಯತ್ವ ಗಂಡನ ಹೆಸರಲ್ಲಿ. ಡೇರಿ ಎಲೆಕ್ಷನ್‌ನಲ್ಲಿ ವೋಟು ಅವನದು. ವರ್ಗ, ಜಾತಿ ಅಂತ ಮಾತಾಡುವವರು ಹೊಸ್ತಿಲ ಹೊರಗೇ ನಿಂತುಬಿಡುತ್ತಾರೆ. ಸ್ತ್ರೀವಾದಿಗಳು ಸಂಘರ್ಷದ ಮಾತನ್ನು ಅಡುಗೆಮನೆವರೆಗೂ ತಂದರು, ಅದು ಈ ಸಿದ್ಧಾಂತಕ್ಕೆ ಆದ ದೊಡ್ಡ ರಿಪೇರಿ.

ಕ್ಯಾತ್ಸಂದ್ರ ಮೇಷ್ಟ್ರು

ಎಲ್ಲರೂ ತಿಳಿದು ಬರೆದಿದ್ದೀರಿ. ಶಿಡ್ಲಘಟ್ಟದ ಮಗಳು ಹೇಳಿದ್ದನ್ನು ನಾನು ತುಂಬಾ ಮೆಚ್ಚಿದೆ. ಆದರೆ ನನ್ನ ಮುಖ್ಯ ತಕರಾರು ಇನ್ನೂ ಹಾಗೇ ಇದೆ, ಈಗ ಬಿಡಿಸಿ ಹೇಳುತ್ತೇನೆ.

ಕೆಜಿಎಫ್‌ನಲ್ಲಿ ಮುಷ್ಕರ ಆಯಿತು, ಸಿದ್ಧಾಂತ ಸರಿ ಅಂದಿರಿ. ಪಾವಗಡದಲ್ಲಿ ಏನೂ ಆಗಲಿಲ್ಲ, ಭಯ ಇತ್ತು, ಜಾತಿ ಇತ್ತು, ನಾಯಕ ಇರಲಿಲ್ಲ, ಹಾಗಾಗಿ ಸಿದ್ಧಾಂತ ಆಗಲೂ ಸರಿ ಅಂದಿರಿ. ಅವರು ಖುಷಿಯಾಗಿದ್ದೇವೆ ಅಂದರೆ ಅದು ಮಿಥ್ಯಾ ಪ್ರಜ್ಞೆ (ತಮ್ಮ ಹಿತವೇ ತಮಗೆ ತಿಳಿಯದಿರುವುದು), ಇಟಲಿಯ ಮಾರ್ಕ್ಸ್‌ವಾದಿ ಗ್ರಾಮ್ಷಿ ಹೇಳಿದ ಯಜಮಾನಿಕೆ (ಮೇಲಿನವರ ವಿಚಾರವನ್ನೇ ಕೆಳಗಿನವರೂ ಸಹಜ ಅಂತ ಒಪ್ಪಿಕೊಳ್ಳುವುದು) ಅನ್ನುತ್ತೀರಿ. ಹೀಗಾದರೆ ಈ ಸಿದ್ಧಾಂತ ತಪ್ಪಾಗುವುದು ಯಾವಾಗ? ಏನೇ ಆದರೂ ತಪ್ಪಾಗದ ಸಿದ್ಧಾಂತ ವಿಜ್ಞಾನ ಅಲ್ಲ ಅಂತ ತತ್ವಜ್ಞಾನಿ ಪಾಪ್ಪರ್ ಹೇಳಿದ್ದು ಮಾರ್ಕ್ಸ್‌ವಾದಿಗಳನ್ನೂ ಮನಸ್ಸಿನಲ್ಲಿಟ್ಟುಕೊಂಡೇ. ಬಡವನಿಗೆ ತನ್ನ ಹಿತ ಗೊತ್ತಿಲ್ಲ, ನನಗೆ ಗೊತ್ತಿದೆ ಅನ್ನುವುದರಲ್ಲಿ ಒಂದು ಅಹಂಕಾರವೂ ಇದೆ. ನನಗೆ ಈ ಸಿದ್ಧಾಂತದಲ್ಲಿ ಅತಿ ದುರ್ಬಲ ಅನ್ನಿಸುವ ಜಾಗ ಇದು. ಒಗ್ಗಟ್ಟು ಕಾಣದಿರುವುದು ಇದರ ಮುಂದೆ ಸಣ್ಣ ದೋಷ.

ಪಾವಗಡದ ಹುಡುಗಿ

ಸರ್, ನನ್ನನ್ನು ಕಾಡುತ್ತಿದ್ದದ್ದು ಇದೇ. ಹೇಳಲು ಬರುತ್ತಿರಲಿಲ್ಲ. ಸುಮ್ಮನಿರುವವರು ಒಪ್ಪಿ ಸುಮ್ಮನಿದ್ದಾರಾ, ಹೆದರಿ ಸುಮ್ಮನಿದ್ದಾರಾ, ಬೇರೆ ದಾರಿ ಇಲ್ಲ ಅಂತ ಸುಮ್ಮನಿದ್ದಾರಾ? ಹೊರಗಿನಿಂದ ನೋಡಿದರೆ ಮೂರೂ ಒಂದೇ ಥರ ಕಾಣುತ್ತದೆ. ಬೇರೆ ಮಾಡಿ ನೋಡುವ ದಾರಿ ಯಾರಾದರೂ ತೋರಿಸಿದ್ದಾರಾ?

ಮಾರಿಕುಪ್ಪಂ ಲೈನ್ಸ್

ತೋರಿಸಿದ್ದಾರೆ. ಅಮೆರಿಕದ ಅಪಲೇಚಿಯಾ ಬೆಟ್ಟಗಳ ಕಲ್ಲಿದ್ದಲು ಕಣಿವೆಯೊಂದರ ಬಗ್ಗೆ ಜಾನ್ ಗವೆಂಟಾ 1980ರಲ್ಲಿ ಪುಸ್ತಕ ತಂದರು. ಅವರು ಕೇಳಿದ್ದು ನಿನ್ನ ಪ್ರಶ್ನೆಯನ್ನೇ. ಇಷ್ಟು ಅನ್ಯಾಯ ಇದ್ದರೂ ಜನ ಯಾಕೆ ಏಳುವುದಿಲ್ಲ? 1974ರಲ್ಲಿ ಸ್ಟೀವನ್ ಲ್ಯೂಕ್ಸ್ ಅಧಿಕಾರಕ್ಕೆ ಮೂರು ಮುಖ ಇದೆ ಅಂದಿದ್ದರು. ಎದುರಾಎದುರು ಗೆಲ್ಲುವುದು ಒಂದು. ವಿಷಯ ಸಭೆಗೇ ಬರದ ಹಾಗೆ ತಡೆಯುವುದು ಎರಡನೆಯದು. ಬೇಕು ಅಂತ ಅನ್ನಿಸದ ಹಾಗೇ ಮಾಡುವುದು ಮೂರನೆಯದು. ಗವೆಂಟಾ ಇದನ್ನು ಹಿಡಿದು ಹಳೆಯ ಕಾಲದಿಂದ ಆ ಕಣಿವೆಯ ಚರಿತ್ರೆ ಕೆದಕಿದರು. ಮೇಲಿನವರ ಹಿಡಿತ ಸಡಿಲಾದಾಗ ಅದೇ ಜನ ಏನು ಮಾಡಿದರು ಅಂತ ನೋಡುವುದು ಅವರ ಒಂದು ದಾರಿ. ಹಿಡಿತ ಸಡಿಲಾದಾಗ ದನಿ ಎದ್ದರೆ ಮುಂಚಿನ ಮೌನ ಒಪ್ಪಿಗೆ ಆಗಿರಲಿಲ್ಲ. ಆಗಲೂ ಏಳದಿದ್ದರೆ ಮೇಷ್ಟ್ರು ಹೇಳಿದ್ದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಅಂದರೆ ಸಿದ್ಧಾಂತ ತಪ್ಪಾಗಲು ಒಂದು ಜಾಗ ಇದೆ ಮೇಷ್ಟ್ರೇ.

ಚಿಂತಾಮಣಿ ಕಡೆಯವನು

ಜೇಮ್ಸ್ ಸ್ಕಾಟ್ ಕೂಡ ಇದ್ದಾರೆ. ಮಲೇಷ್ಯಾದ ಭತ್ತದ ಊರೊಂದರಲ್ಲಿ ಇದ್ದುಕೊಂಡು 1985ರಲ್ಲಿ ಬರೆದರು. ಅಲ್ಲಿ ಕೊಯ್ಲಿನ ಯಂತ್ರ ಬಂದು ಕೂಲಿಯವರ ಕೆಲಸ ಹೋಯಿತು. ದಂಗೆ ಆಗಲಿಲ್ಲ. ಆದರೆ ಹಿಂದಿನಿಂದ ಬೈಗುಳ, ಅಡ್ಡಹೆಸರು, ಕೆಲಸದಲ್ಲಿ ಎಳೆದಾಟ, ಸಣ್ಣ ಕಳ್ಳತನ ಎಲ್ಲ ಇತ್ತು. ಬಡವರಿಗೆ ತಮಗಾದ ಅನ್ಯಾಯ ಚೆನ್ನಾಗಿ ಗೊತ್ತಿತ್ತು, ಮಿಥ್ಯಾ ಪ್ರಜ್ಞೆ ಏನೂ ಇರಲಿಲ್ಲ ಅಂತ ಸ್ಕಾಟ್ ವಾದ. ಮೇಷ್ಟ್ರು ಹೇಳಿದ ಅಹಂಕಾರಕ್ಕೆ ಒಳ್ಳೆಯ ಉತ್ತರ ಇದು, ಸಂಘರ್ಷದ ಕಡೆಯಿಂದಲೇ ಬಂದಿದ್ದು. ಪಾವಗಡಕ್ಕೆ ಇದಕ್ಕಿಂತ ಹತ್ತಿರದ ಪುಸ್ತಕ ನನಗೆ ಗೊತ್ತಿಲ್ಲ.

ತಂಗಿ, ಊರಿಗೆ ಹೋಗಿ ಕೇಳುವುದಾದರೆ ಅರಳಿಕಟ್ಟೆ ಮೇಲೆ ಕೂರಿಸಿ ಕೇಳಬೇಡ. ಗುತ್ತಿಗೆ ದುಡ್ಡು ಬರುವವರ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ಕುರಿ ಹೊಡೆದುಕೊಂಡು ಹೋಗುವವರ ಜೊತೆ ನಡೆ. ಹೆಂಗಸರು ನೀರು ಹಿಡಿಯುವ ಕಡೆ ಹೋಗು. ಬೆಂಗಳೂರಿಗೆ ಹೋದವರನ್ನೂ ಬಿಡಬೇಡ. ಊರು ಬಿಟ್ಟಿದ್ದು ಕೂಡ ಒಂದು ಉತ್ತರವೇ.

ಗೂಡಿನ ಮನೆ, ಶಿಡ್ಲಘಟ್ಟ

ಮತ್ತೆ ಅವರ ಎದುರಾಳಿ ಜಮೀನುದಾರನೇ ಅಂತ ಮೊದಲೇ ತೀರ್ಮಾನ ಮಾಡಿಕೊಂಡು ಹೋಗಬೇಡಿ. ಎರಡು ಎಕರೆ ಗುತ್ತಿಗೆಗೆ ಕೊಟ್ಟವನೂ ಬರಗಾಲಕ್ಕೆ ಬೇಸತ್ತವನೇ. ಕೂಲಿಯವರ ಸಿಟ್ಟು ಯಾರ ಮೇಲೆ ಅಂತ ಅವರೇ ಹೇಳಲಿ. ಪಾರ್ಕ್ ಮೇಲೋ, ಸರ್ಕಾರದ ಮೇಲೋ, ಮಳೆ ಮೇಲೋ, ಹೆಸರಿಲ್ಲದ ಪಹಣಿ ಮೇಲೋ.

ಕ್ಯಾತ್ಸಂದ್ರ ಮೇಷ್ಟ್ರು

ಗವೆಂಟಾ ಪುಸ್ತಕ ನಾನು ಓದಿಲ್ಲ, ಓದುತ್ತೇನೆ. ತಪ್ಪಾಗಲು ಜಾಗ ಇಟ್ಟುಕೊಂಡ ಸಂಘರ್ಷ ಸಿದ್ಧಾಂತದ ಮೇಲೆ ನನಗೆ ಜಗಳ ಇಲ್ಲ. ಮಗಳೇ, ಹೋಗಿ ಕೇಳಿದಾಗ ಯಾರಾದರೂ "ನಮಗೆ ಇದೇ ವಾಸಿ, ಬಿಸಿಲಲ್ಲಿ ಕಳೆ ಕೀಳುವುದು ತಪ್ಪಿತು" ಅಂತ ಹೇಳಿದರೆ, ಎರಡನೇ ಸಲ ಹೋಗಿ ಒಂಟಿಯಾಗಿ ಕೇಳಿದಾಗಲೂ ಅದನ್ನೇ ಹೇಳಿದರೆ, ಅದನ್ನೂ ಅವರ ಮಾತಿನಲ್ಲೇ ಸೆಮಿನಾರ್‌ನಲ್ಲಿ ಬರೆ. ಗ್ರಾಮ್ಷಿಯನ್ನು ಕರೆತಂದು ಅವರ ಬಾಯಿ ಮುಚ್ಚಿಸಬೇಡ.

ಪಾವಗಡದ ಹುಡುಗಿ

ಬರೆಯುತ್ತೇನೆ ಸರ್. ದಸರಾ ರಜೆಗೆ ಊರಿಗೆ ಹೋಗುತ್ತೇನೆ. ಡಾರೆನ್‌ಡಾರ್ಫ್ ಹೇಳಿದ ನಾಲ್ಕು ವಿಷಯ ಒಂದೊಂದಾಗಿ ಇಟ್ಟುಕೊಂಡು ಕೇಳುತ್ತೇನೆ. ಜೊತೆಗೆ ಹಿಂದೆ ಯಾವಾಗಲಾದರೂ ಕೂಲಿ ರೇಟಿಗೆ ಊರಲ್ಲಿ ತಕರಾರು ಆಗಿತ್ತಾ ಅಂತಲೂ ಹಿರಿಯರ ಹತ್ತಿರ ವಿಚಾರಿಸುತ್ತೇನೆ. ಸಿಕ್ಕಿದ್ದನ್ನು ಇಲ್ಲೇ ಹಾಕುತ್ತೇನೆ.